ಬೆನ್ನು ತೋರದವಳು

ಆ ಬೆಳಿಗ್ಗೆ ಮಂಜು ಊರನ್ನೆಲ್ಲ ಒರೆಸಿ ಹಾಕಿತ್ತು. ಕೊಡಿಗೇನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಗಂಗಾಂಬಿಕೆಗೆ ಎದುರಿನ ಟೀ ಅಂಗಡಿಯ ಒಲೆಯ ಉರಿ ಕಾಣುತ್ತಿತ್ತು, ಅಂಗಡಿ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದ ತಾತನ ಕೆಮ್ಮು ಕೇಳುತ್ತಿತ್ತು, ತಾತನ ಮುಖ ಟವಲಿನೊಳಗೆಲ್ಲೋ ಸೇರಿಹೋಗಿತ್ತು. ಪುಷ್ಯದ ಮಂಜು, ಅವರೆ ಹೊಲದ ಸೊಗಡನ್ನು ಹೀರಿಕೊಂಡು ಬಂದು ಕೂದಲಿಗೆ, ರೆಪ್ಪೆಗೆ, ಹೆಗಲ ಬ್ಯಾಗಿಗೆ ಅಂಟುತ್ತಿತ್ತು. ಬ್ಯಾಗಿನೊಳಗೆ ಅಭ್ಯಾಸದ ಸೀರೆ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಗೆಜ್ಜೆ, ಅವ್ವ ಕಟ್ಟಿಕೊಟ್ಟ ಅವರೆಕಾಳಿನ ಉಪ್ಪಿಟ್ಟು. ಹತ್ತು ಗಂಟೆಗೆ ಮಧುಗಿರಿಯ ಸಭಾಂಗಣದಲ್ಲಿರಬೇಕು. ಮೈಸೂರಿನ ಒಂದು ನೃತ್ಯ ತಂಡ ಸಂಜೆ ಅಲ್ಲಿ ಕಾರ್ಯಕ್ರಮ ಕೊಡಲಿತ್ತು. ಅದಕ್ಕೆ ಮುಂಚೆ ತಂಡದ ಯಜಮಾನಿ ಸರಸಮ್ಮನವರು, ತುಮಕೂರಿನ ಕಾಲೇಜಿನಲ್ಲಿ ನಾಟ್ಯವನ್ನೇ ಪದವಿಗೆ ಓದುತ್ತಿರುವ ಕೊನೆಯ ವರ್ಷದ ಹುಡುಗಿಯರನ್ನು ನೋಡಿ, ಮನಸ್ಸಿಗೆ ಬಂದವರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಸಂಬಳದ ಕೆಲಸ. ಬೆಳಗಾದರೆ ಅಭ್ಯಾಸ, ಸಂಜೆಯಾದರೆ ವೇದಿಕೆ, ನಡುವೆ ಬಸ್ಸು, ರೈಲು, ಗೊತ್ತಿಲ್ಲದ ಊರು. ಗಂಗಾಂಬಿಕೆ ಕಣ್ಣು ಮುಚ್ಚಿದರೆ ಆ ಬದುಕು ಬೇಯುತ್ತಿರುವ ಅನ್ನದ ಹಾಗೆ ಘಮ್ಮೆನ್ನುತ್ತಿತ್ತು. ಇವತ್ತು ಆಗದಿದ್ದರೆ ಜೂನಿಗೆ ಬಿ.ಎಡ್. ಹಾಗೆಂದು ಅಪ್ಪನಿಗೆ ಮಾತು ಕೊಟ್ಟಾಗಿತ್ತು.

ಹಿಂದೂಪುರದ ಕಡೆಯಿಂದ ಬರುವ ಬಸ್ಸು ಮೊದಲು ಎರಡು ಹಳದಿ ಕಣ್ಣಾಗಿ, ಆಮೇಲೆ ಸದ್ದಾಗಿ, ಕೊನೆಗೆ ಬಸ್ಸಾಗಿ ಬಂದು ನಿಂತಿತು. ಕಂಡಕ್ಟರ್ ಯುವರಾಜ್ ಪಾವಗಡದವನು, ಅವನ ಕನ್ನಡದೊಳಗೆ ತೆಲುಗು ಕಾಲು ಚಾಚಿಕೊಂಡು ಕೂತಿರುತ್ತಿತ್ತು.

"ಆಧಾರ್ ತೋರ್ಸಮ್ಮಾ. ಹೆಣ್ಮಕ್ಳಿಗೆ ಫ್ರೀ. ತಾತಾ, ನೀನು ಹೆಣ್ಣಲ್ಲ ಕದಾ, ದುಡ್ಡು ತೆಗಿ."

"ಈ ವಯಸ್ನಾಗೆ ಇನ್ನೇನ್ಲಾ ಗಂಡು ಹೆಣ್ಣು," ಎಂದ ತಾತ. "ಒಳಗೆ ಉಸ್ರೊಂದೈತೆ. ಅದುಕ್ಕೂ ಟಿಕೀಟಾ?"

"ಉಸ್ರಿಗೇ ಫುಲ್ ಟಿಕೆಟ್ ತಾತಾ, ಲಗೇಜು ಬೇರೆ. ಎಕ್ಕಡಿಕಿ? ಮದುವೆಗಾ?"

"ಮೊಮ್ಮಗಳ ಡ್ಯಾನ್ಸು ಕಣಪ್ಪ. ಕಾಲೇಜ್ನಾಗೆ ಅದ್ನೇ ಓದ್ತಾಳೆ."

"ಡ್ಯಾನ್ಸು ಓದೋದೇನು ತಾತಾ? ಆಡೋದು!"

"ಅದುಕ್ಕೂ ಪುಸ್ತಕ ಅವೆ ಕಣ್ಲಾ. ಟಿಕೀಟು ಕೊಡಾಕೆ ನಿಂಗೊಂದು ಮಿಷನ್ ಬೇಕಾತು, ಕುಣಿಯಾಕೆ ಅವ್ಳಿಗೊಂದು ಪುಸ್ತಕ ಬ್ಯಾಡ್ವಾ?"

ಬಸ್ಸು ನಕ್ಕಿತು. ಮುಂದಿನ ಸೀಟಿನ ಹೆಂಗಸು ತಿರುಗಿ ಗಂಗಾಂಬಿಕೆಯ ಮುಖ ನೋಡಿದಳು, ಆಮೇಲೆ ಪಾದ ನೋಡಿದಳು, ಡ್ಯಾನ್ಸಿನವಳ ಕಾಲಿನಲ್ಲಿ ಬೇರೇನಾದರೂ ಇದೆಯೇನೋ ಎನ್ನುವ ಹಾಗೆ. ಗಂಗಾಂಬಿಕೆ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಗಾಜಿನ ಮೇಲೆ ಹನಿಗಳು ಒಂದನ್ನೊಂದು ಕೂಡಿಕೊಂಡು ದಪ್ಪಗಾಗಿ ಜಾರುತ್ತಿದ್ದವು. ಅಪ್ಪ ಬರಲಿಲ್ಲ. ಹೊಳವನಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿರುವ ಅಪ್ಪ ನರಸಿಂಹರಾಜು, ಇವತ್ತು ಕಿರುಪರೀಕ್ಷೆ ಇದೆ ಎಂದಿದ್ದ. ಕಿರುಪರೀಕ್ಷೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಒಪ್ಪಿಕೊಂಡರು. ಮನೆಯ ಗೋಡೆಗೆ ಊರದೇವತೆ ಅಮ್ಮನ ಪಟದ ಪಕ್ಕದಲ್ಲಿ ಬುದ್ಧನ ಪಟ ತಂದು ತೂಗುಹಾಕಿದವನು ಅವನು. ತಾತನ ಉರುಮೆಯನ್ನು ಪಡಸಾಲೆಯಿಂದ ಎತ್ತಿ ಅಟ್ಟಕ್ಕೆ ಹಾಕಿದವನೂ ಅವನೇ. ಆ ವಾದ್ಯದ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿದರೆ ಕರು ಕಾಣದ ಹಸುವಿನ ಹಾಗೆ ಹೂಂಕರಿಸುತ್ತದೆ, ಇನ್ನೊಂದನ್ನು ಬಡಿದರೆ ಗದರುತ್ತದೆ. ಅಪ್ಪ ಹುಡುಗನಾಗಿದ್ದಾಗ ಶಾಲೆಯ ಹುಡುಗರು ಆ ಹೂಂಕಾರವನ್ನು ಬಾಯಲ್ಲಿ ಮಾಡಿ ಅವನನ್ನು ಕೂಗುತ್ತಿದ್ದರಂತೆ. "ನಮ್ಮಪ್ಪ ಕರೆದೋರ ಮನೆ ಮುಂದೆಲ್ಲ ಬಾರಿಸಿದ. ನಾನು ಪಾಠ ಹೇಳೋನಾದೆ. ನೀನು ತಿರುಗಾ ಕಾಲಿಗೆ ಗೆಜ್ಜೆ ಕಟ್ತೀನಿ ಅಂತೀಯಲ್ಲಮ್ಮ," ಎಂದಿದ್ದ, ಬೈದಂತಲ್ಲ, ಎಲ್ಲೋ ನೋವಿದೆ ಎಂದು ವೈದ್ಯರಿಗೆ ಹೇಳುವವನ ಹಾಗೆ. ಹಾಗೆ ಹೇಳಿದ ಮಾರನೆಯ ದಿನವೇ ತುಮಕೂರಿಗೆ ಹೋಗಿ ಅವಳನ್ನು ಕಾಲೇಜಿಗೆ ಸೇರಿಸಿದ್ದ. ಈ ಮನುಷ್ಯನಿಗೆ ತಾನು ತಪ್ಪು ಮಾಡಲಿಲ್ಲ ಎನ್ನಿಸಬೇಕು ಎಂದು ಗಂಗಾಂಬಿಕೆ ದಿನವೂ ಅರಮಂಡಿಗೆ ಕೂರುವಾಗ ದೇವರ ಹೆಸರಿನ ಜೊತೆಗೆ ಅಂದುಕೊಳ್ಳುತ್ತಿದ್ದಳು.

ಕಾಲೇಜಿನಲ್ಲಿ ಅವಳ ಕಾಲಿಗೆ ಯಾರೂ ಹೆಸರಿಟ್ಟಿರಲಿಲ್ಲ. ಮಂಡಿಗಳನ್ನು ಎರಡು ಪಕ್ಕಕ್ಕೆ ಬಾಗಿಸಿ ಅರೆಕೂತರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಏಳದೆ ಇರಬಲ್ಲಳು. ತಾಳ ಅವಳಿಗೆ ಹಸಿವಿನಷ್ಟು ಹತ್ತಿರ. ತಪ್ಪುತ್ತಿದ್ದದ್ದು ದಿಕ್ಕು. ವೇದಿಕೆಯ ಮೂಲೆಯಲ್ಲಿ ದೀಪ ಹಚ್ಚಿ ನಟರಾಜನ ವಿಗ್ರಹವಿಡುತ್ತಾರಲ್ಲ, ಅವಳ ಮೈ ಆ ಕಡೆಗೆ ವಾಲುತ್ತಿತ್ತು. ಸುತ್ತು ಹಾಕುವಾಗ ಬೆನ್ನು ವಿಗ್ರಹಕ್ಕೆ ಬರುವ ಗಳಿಗೆಯಲ್ಲಿ ಕತ್ತಿನ ಹಿಂದೆ ತಣ್ಣಗಾಗಿ, ಸುತ್ತನ್ನು ಅರ್ಧಕ್ಕೆ ಮುರಿದು ಒಂದು ಹೆಜ್ಜೆ ಹಿಂದಕ್ಕೆ ಜಾರಿಬಿಡುತ್ತಿದ್ದಳು. ವಿಗ್ರಹದಿಂದ ದೂರ ಹೋಗಬೇಕಾದ ನಡೆ ಬಂದರೆ ಹಿಂದು ಹಿಂದಾಗಿಯೇ ಹೋಗುತ್ತಿದ್ದಳು. ನಾಟ್ಯ ಹೇಳಿಕೊಡುವ ನಾಗರತ್ನಮ್ಮ ಮೇಡಂ ನೆಲಕ್ಕೆ ಟೇಪು ಅಂಟಿಸಿ ನೋಡಿದರು, ಎದುರಿಗೆ ಕುರ್ಚಿ ಹಾಕಿ ಕೂತು ನೋಡಿದರು. ಕಳೆದ ಪ್ರಾಕ್ಟಿಕಲ್ಲಿನಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ತಾಳ ನಿಲ್ಲಿಸಿ, "ಯಾರಿಗಮ್ಮಾ ನಾಟ್ಯ ಮಾಡ್ತಾ ಇದೀಯ? ನಾವು ಕೂತಿರೋದು ಇಲ್ಲಿ," ಎಂದರು. ಹುಡುಗಿಯರು ನಕ್ಕರು. ಹರ್ಷಿತಾ ಅವತ್ತೇ ಅವಳಿಗೆ 'ಓರೆ ಗಂಗಾ' ಎಂದು ಹೆಸರಿಟ್ಟಳು, ಗಂಗಾಂಬಿಕೆಯೂ ಜೊತೆಗೆ ನಕ್ಕಳು. ನಗದೆ ಇದ್ದರೆ ಹೆಸರು ಇನ್ನೂ ಗಟ್ಟಿಯಾಗಿ ಅಂಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೋಣೆಗೆ ಕರೆದು ನಾಗರತ್ನಮ್ಮ ಮೇಡಂ, "ಯಾಕೆ ಹೀಗಾಗುತ್ತೆ, ಹೇಳು. ಕಾರಣ ಗೊತ್ತಾದರೆ ಏನಾದರೂ ಮಾಡಬಹುದು," ಎಂದು ಕೇಳಿದ್ದರು. ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ನಮ್ಮೂರಲ್ಲಿ ಅಮ್ಮನನ್ನು ಕೆರೆಗೆ ಕರೆದುಕೊಂಡು ಹೋಗಿ ಬರುವಾಗ ಉರುಮೆಯವರು ಅವಳಿಗೆ ಬೆನ್ನು ಕೊಡುವುದಿಲ್ಲ ಮೇಡಂ. ಅವಳ ಕಡೆ ಮುಖ ಮಾಡಿ, ಕೆರೆಯಿಂದ ಗುಡಿಯವರೆಗೆ ಹಿಂದೆ ಹಿಂದೆ ನಡೆಯುತ್ತಲೇ ಬಾರಿಸುತ್ತಾರೆ, ಕುಣಿಯುತ್ತಾರೆ. ಹಾಗೆ ಹೇಳಿದರೆ, ಉರುಮೆಯವರು ನಿನಗೇನಾಗಬೇಕು ಎಂಬ ಪ್ರಶ್ನೆ ಬರುತ್ತದೆ. ಮೊದಲ ವರ್ಷವೇ ಯಾರೋ ಕೇಳಿದ್ದಕ್ಕೆ ಅವಳು, ನಮ್ಮ ತಾತ ತಾಳವಾದ್ಯದವರು ಎಂದಿದ್ದಳು. ಮೃದಂಗವಾ ಎಂದಿದ್ದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ಸುಮ್ಮನಿದ್ದದ್ದು ವರ್ಷದಿಂದ ವರ್ಷಕ್ಕೆ ಬೆಳೆದು ಈಗ ಅವಳಷ್ಟೇ ಎತ್ತರವಾಗಿತ್ತು.

ಬಸ್ಸು ಎಲ್ಲೋ ನಿಂತು ಹಾಲಿನ ಕ್ಯಾನುಗಳನ್ನು ಹತ್ತಿಸಿಕೊಂಡಿತು. ತಾತ ಟವಲು ಬಿಚ್ಚಿ, ಮಂಜಿನಲ್ಲಿ ನೆನೆದ ಮೀಸೆ ಒರೆಸಿಕೊಂಡ.

"ತಾತ, ಅಮ್ಮನಿಗೆ ಬೆನ್ನು ಕೊಟ್ರೆ ಏನಾಗುತ್ತೆ?"

"ಏನಾಯ್ತದೆ? ಏನೂ ಆಗಕಿಲ್ಲ. ಅವ್ಳನ್ನ ನೋಡ್ಬೇಕು ಅನ್ನುಸ್ತದೆ, ನೋಡ್ತೀವಿ. ಕಣ್ಣು ಕೀಳಾಕೆ ಮನ್ಸು ಬರಾಕಿಲ್ಲ, ಅಷ್ಟೇಯ."

"ಮತ್ತೆ ಆವತ್ತು ನೀನು ಬಿದ್ದದ್ದು?"

ಅದು ಅವಳು ಎಂದೂ ಕೇಳದ ಪ್ರಶ್ನೆ. ಹಿಂದೆ ಹಿಂದೆ ನಡೆಯುವ ಉರುಮೆಯವನಿಗೆ ಬೆನ್ನಲ್ಲಿ ಕಣ್ಣಿರುವುದಿಲ್ಲ. ಅವನ ನಡುವಿಗೆ ಕಟ್ಟಿದ ವಸ್ತ್ರದ ತುದಿ ಹಿಡಿದು ಒಬ್ಬರು ದಾರಿ ತೋರಿಸಬೇಕು. ತಾತನಿಗೆ ದಾರಿ ತೋರಿಸುತ್ತಿದ್ದವಳು ಪುಟ್ಟ ಗಂಗಾಂಬಿಕೆ. ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ತಾತ ಕಲ್ಲು, ತಾತ ಗುಂಡಿ ಎಂದು ಕೂಗುತ್ತಿದ್ದಳು. ಒಂದು ಸಂಜೆ ಕೆರೆ ಏರಿಯ ಮೇಲೆ ತಾತ ಎಡವಿ ಬಿದ್ದ, ಮಂಡಿಯಿಂದ ರಕ್ತ ಇಳಿಯಿತು, ಕೋಲು ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಅರಿಶಿನ ಮೆತ್ತುತ್ತಾ ಪಕ್ಕದ ಮನೆಯ ಸಣ್ಣಕ್ಕ, "ಅಮ್ಮನಿಗೆ ಬೆನ್ನು ತೋರ್ಸಿದ್ರೆ ಇಂಗೇ ಆಗೋದು ಕಣಮ್ಮ," ಎಂದಿದ್ದಳು. ಯಾರಿಗೆ ಅಂದಳೋ. ಇಡೀ ಮೆರವಣಿಗೆಯಲ್ಲಿ ಅಮ್ಮನಿಗೆ ಬೆನ್ನು ಮಾಡಿ ನಡೆದವಳು ತಾನೊಬ್ಬಳೇ ಎಂದು ಆ ಮಗುವಿಗೆ ಗೊತ್ತಿತ್ತು. ಅದು ಮೂಲೆಯಲ್ಲಿ ಕೂತು ತನ್ನ ಬೆನ್ನನ್ನು ಗೋಡೆಗೆ ಒತ್ತಿಕೊಂಡಿತ್ತು.

ತಾತ ಜೋರಾಗಿ ನಕ್ಕ. "ಬಿದ್ದದ್ದಾ! ಅಯ್, ನೀನು ಕಲ್ಲು ಅನ್ನೋದು ಮರ್ತು ತಿರುಕ್ಕಂಡು ಅಮ್ಮನ್ನೇ ನೋಡ್ತಾ ನಿಂತ್ಬುಟ್ಟಿದ್ದೆ ಕಣವ್ವ. ಬಾಯಿ ಬುಟ್ಕೊಂಡು! ಅಮ್ಮಂಗೆ ಆವತ್ತು ಕಣಗಿಲೆ ಹೂವಿನ ಅಲಂಕಾರ. ನಾನು ಬಿದ್ದೆ ಅಂತ್ಲೂ ನಿಂಗೆ ಗ್ಯಾನ ಇರ್ನಿಲ್ಲ."

ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಇಷ್ಟು ವರ್ಷ ಒಂದು ರೀತಿಯಲ್ಲಿ ಮಡಚಿಟ್ಟ ಸೀರೆಯನ್ನು ಬಿಚ್ಚಿ ಬೇರೆ ರೀತಿ ಮಡಚು ಎಂದರೆ ಹಳೆಯ ಗೆರೆಗಳೇ ಮತ್ತೆ ಬರುತ್ತವಲ್ಲ, ಹಾಗೆ. ಹೊರಗೆ ಮಂಜು ಹರಿಯತೊಡಗಿತ್ತು. ಮಧುಗಿರಿಯ ಬೆಟ್ಟ ಬುಡವಿಲ್ಲದೆ, ಬರೀ ನೆತ್ತಿಯಾಗಿ ಆಕಾಶದಲ್ಲಿ ಕಾಣಿಸಿಕೊಂಡಿತು. ತಾತ ಕಿಟಕಿಯಿಂದಲೇ ಕೈಮುಗಿದ.

ಸಭಾಂಗಣದ ಬಾಗಿಲಲ್ಲಿ ಹರ್ಷಿತಾ, ಮಧುಶ್ರೀ, ಇನ್ನೂ ಕೆಲವರು ಆಗಲೇ ಬಂದಿದ್ದರು. ಅವರವರ ಮನೆಯವರು, ಕಾರು, ಹೂವಿನ ಡಬ್ಬಿ, ಫ್ಲಾಸ್ಕು. ಹರ್ಷಿತಾಳ ತಾಯಿ ಮಗಳ ಜಡೆಗೆ ಪಿನ್ನು ಸಿಗಿಸುತ್ತಾ, ಬಾಯಲ್ಲಿ ಇನ್ನೂ ಮೂರು ಪಿನ್ನು ಕಚ್ಚಿಕೊಂಡಿದ್ದರು. ಗಂಗಾಂಬಿಕೆ ಬ್ಯಾಗು ಇಳಿಸಿ ತಿರುಗುವಷ್ಟರಲ್ಲಿ ತಾತ ಒಳಗೆ ಹೋಗಿ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ, ಬಟ್ಟೆ ಹೊದಿಸಿದ ಕುರ್ಚಿಯಲ್ಲಿ, ಕಾಲು ಜೋಡಿಸಿಕೊಂಡು ಕೂತಿದ್ದ. ಚೆನ್ನಾಗಿ ನೋಡಬೇಕೆಂಬ ಆಸೆ, ಇನ್ನೇನಿಲ್ಲ. ಸಭಾಂಗಣದ ಉಸ್ತುವಾರಿ ರುದ್ರಮುನಿ ಕೈಯಲ್ಲಿ ವೈರು ಸುತ್ತಿಕೊಂಡು ಓಡಿಬಂದ.

"ಏ ತಾತ, ಎದ್ದೇಳು ಎದ್ದೇಳು. ಅದು ಗೆಸ್ಟ್‌ಗಳ್ದು. ಯಾರು ನೀನು? ಯಾರ ಕಡೆಯೋನು?"

ತಾತ ಎದ್ದು ನಿಂತ, ಗಂಗಾಂಬಿಕೆಯ ಕಡೆ ನೋಡಿದ. ರುದ್ರಮುನಿಯೂ ನೋಡಿದ. ಹರ್ಷಿತಾಳ ತಾಯಿ ಪಿನ್ನು ಕಚ್ಚಿಕೊಂಡೇ ನೋಡಿದರು.

"ನಿಮ್ಮವರೇನಮ್ಮ?"

"ನಮ್ಮೂರೋರು," ಎಂದಳು ಗಂಗಾಂಬಿಕೆ.

ಬಾಯಿಂದ ಬಿದ್ದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವಳಿಗೇ ಆಶ್ಚರ್ಯವಾಯಿತು. ಸುಳ್ಳೂ ಅಲ್ಲ. ತಾತ ಅವಳನ್ನು ಕಷ್ಟದಿಂದ ಪಾರು ಮಾಡುವವನ ಹಾಗೆ ಬೇಗಬೇಗ ಹೇಳಿದ: "ಊ ಸ್ವಾಮಿ, ಇವರ ಊರೋನೇಯ. ಇವರ ಬ್ಯಾಗು ಬಾರ ಇತ್ತು, ಹಿಡ್ಕೊಂಡು ಬಂದೆ. ಹೊರಗೇ ಕೂತಿರ್ತೀನಿ ತಗಳಿ." ಇವರ. ತಾತ ಅವಳನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಕುರ್ಚಿಯ ಬಟ್ಟೆಯಲ್ಲಿ ತಾನು ಕೂತ ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡಿ, ಬಾಗಿಲ ಕಡೆ ನಡೆದು, ಹೊರಗೆ ಚಪ್ಪಲಿಗಳ ಪಕ್ಕ ಮೆಟ್ಟಿಲ ಮೇಲೆ ಕೂತ. ತೆರೆದ ಬಾಗಿಲಿನಿಂದ ಅವನ ಅರ್ಧ ಹೆಗಲು ಮಾತ್ರ ಕಾಣುತ್ತಿತ್ತು. ಕೂಗಿಬಿಡಬೇಕು ಎನ್ನಿಸಿತು. ಆಮೇಲೆ ಹೇಳಿದರಾಯಿತು, ಮುಗಿದ ಮೇಲೆ, ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗಲೇ ಅಪ್ಪ ಶಾಲೆಯಿಂದ ಅಳುತ್ತಾ ಬಂದ ಹುಡುಗನಾಗಿ ಕಂಡ. ಅವನನ್ನು ಕೂಗಿದ ಹುಡುಗರ ಗುಂಪಿನಲ್ಲಿ ಹಿಂದಿನ ಸಾಲಿನಲ್ಲೆಲ್ಲೋ ತಾನೂ ನಿಂತಿದ್ದಳು.

ನೇಪಥ್ಯದ ಕೋಣೆಯಲ್ಲಿ ಸೀರೆ ಉಟ್ಟು ಗೆಜ್ಜೆ ಕಟ್ಟುವಾಗ ಗಂಟು ಜಾರಿತು. ನಾಗರತ್ನಮ್ಮ ಮೇಡಂ ಪಕ್ಕದಲ್ಲಿ ಕೂತು ತಾವೇ ಗಂಟು ಬಿಗಿದರು. ದನಿ ತಗ್ಗಿಸಿ, "ಗಂಗಾ, ನಾನು ಸರಸಮ್ಮನವರ ಹತ್ತಿರ ಮಾತಾಡ್ಲಾ? ನಿನ್ನ ಸರದಿ ಬಂದಾಗ ವಿಗ್ರಹ ಒಳಗಿಡಿಸ್ತೀನಿ. ಒಂದೈದು ನಿಮಿಷ. ದೇವರು ಬೇಜಾರು ಮಾಡ್ಕೊಳಲ್ಲ," ಎಂದರು.

ಅವಳಿಗೆ ಅಳು ಬರುವಂತಾಯಿತು. ಎಷ್ಟು ಸುಲಭ. ಮೂಲೆ ಖಾಲಿಯಾಗುತ್ತದೆ, ಮೈ ಎದುರಿಗೆ ನಿಲ್ಲುತ್ತದೆ, ಸರಸಮ್ಮ ತಲೆದೂಗುತ್ತಾರೆ. ನಾಳೆ? ನಾಡಿದ್ದು ಗೊತ್ತಿಲ್ಲದ ಊರಿನ ಗೊತ್ತಿಲ್ಲದ ವೇದಿಕೆಯಲ್ಲಿ? ಹೋದಲ್ಲೆಲ್ಲ ಮುಂದೆ ಓಡಿಹೋಗಿ ದೇವರನ್ನು ಎತ್ತಿಡುವವರು ಯಾರು? ಒಬ್ಬರನ್ನು ಈಗಷ್ಟೇ ಕುರ್ಚಿಯಿಂದ ಎಬ್ಬಿಸಿ ಹೊರಗೆ ಕೂರಿಸಿ ಬಂದದ್ದು ಸಾಲದೆ?

"ಬೇಡ ಮೇಡಂ. ಇರಲಿ."

"ಯೋಚನೆ ಮಾಡಿ ಹೇಳು."

"ಇರಬೇಕು ಮೇಡಂ. ಅವರು ಇರುವಾಗಲೇ ನಾನು ಮಾಡಬೇಕು."

ಮೇಡಂ ಅವಳ ಮುಖವನ್ನು ಒಂದು ಕ್ಷಣ ಓದಿ, ಗೆಜ್ಜೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದರು. ಹರ್ಷಿತಾ ಮೊದಲು ಹೋದಳು, ಸಲೀಸಾಗಿ ಮಾಡಿ ಬಂದಳು, ಅವಳ ಕಣ್ಣುಗಳು ಕಪಾಟಿನಲ್ಲಿಟ್ಟ ಬೆಳ್ಳಿಯ ಹಾಗೆ ಸುಮ್ಮಸುಮ್ಮನೆ ಹೊಳೆಯುತ್ತಿದ್ದವು. ಬೆವರು ಒರೆಸಿಕೊಳ್ಳುತ್ತಾ, "ಲೇ ಗಂಗಾ, ಎದುರಿಗೆ ಸರಸಮ್ಮನವರ ಮೂಗುತಿ ಮಿನುಗ್ತಾ ಇರುತ್ತೆ. ಅದನ್ನೇ ಹಿಡ್ಕೊ. ಓರೆ ಆಗಲ್ಲ," ಎಂದಳು. ತಮಾಷೆಯಲ್ಲ, ನಿಜವಾಗಿಯೂ ಹೇಳಿದಳು. ಗಂಗಾಂಬಿಕೆಗೆ ಅವಳ ಮೇಲಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ವೇದಿಕೆಗೆ ಬಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತುಳಿಯುತ್ತೇನೆ, ಮನ್ನಿಸು ಎಂದು ಭೂಮಿಗೆ ಹೇಳುವ ನಮಸ್ಕಾರ ಅದು. ಮೂಲೆಯಲ್ಲಿ ವಿಗ್ರಹ, ಅದರ ಮುಂದೆ ಎಣ್ಣೆಯ ದೀಪ, ಮಲ್ಲಿಗೆ. ಎದುರಿಗೆ ಸರಸಮ್ಮ, ಮೂಗುತಿ, ಮಡಿಲಲ್ಲಿ ಸುಮ್ಮನಿರುವ ಕೈ. ಅವರ ಹಿಂದೆ ಕುರ್ಚಿಗಳು, ಕುರ್ಚಿಗಳ ಹಿಂದೆ ಕತ್ತಲು, ಕತ್ತಲಿನ ಕೊನೆಯಲ್ಲಿ ಬಾಗಿಲಿನ ಬೆಳಕು. ಮೇಡಂ ತಾಳ ಹಾಕಿದರು. ಕಾಲು ತಾನಾಗಿಯೇ ಎದ್ದಿತು, ತಟ್ಟಿತು. ಮೊದಲ ಸುತ್ತಿನವರೆಗೆ ಎಲ್ಲ ಸರಿಯಿತ್ತು. ಸುತ್ತು ಬಂದಾಗ ಕತ್ತಿನ ಹಿಂದೆ ಅದೇ ತಂಪು ಏರಿತು, ಹಿಮ್ಮಡಿ ಹಿಂದಕ್ಕೆ ಜಾರಿತು, ಮೈ ಓರೆಯಾಯಿತು. ಸರಸಮ್ಮ ಪಕ್ಕದವರ ಕಡೆ ಬಾಗಿ ಏನೋ ಅಂದದ್ದು ಕಂಡಿತು. ಮುಗಿಯಿತು, ಜೂನು, ಬಿ.ಎಡ್., ಅಪ್ಪನ ಸಮಾಧಾನದ ಮುಖ. ಕಾಲು ಮಾತ್ರ ನಿಲ್ಲಲಿಲ್ಲ. ಬಿದ್ದರೂ ಕೋಲು ನಿಲ್ಲಿಸದವನ ಮನೆಯವಳು ತಾನು ಎಂಬುದು ಯೋಚನೆಯಾಗಿ ಅಲ್ಲ, ಮೀನಖಂಡದಲ್ಲಿ ಬಿಸಿಯಾಗಿ ತಿಳಿಯಿತು. ತಾತ ಬಿದ್ದದ್ದು ಏಕೆ? ತಾನು ತಿರುಗಿದ್ದರಿಂದ. ಅಮ್ಮನಿಗೆ ಬೆನ್ನು ಮಾಡಿದ್ದಕ್ಕಲ್ಲ, ದಾರಿಗೆ ಬೆನ್ನು ಮಾಡಿದ್ದಕ್ಕೆ. ಬಸ್ಸಿನಲ್ಲಿ ಕಿವಿಯಲ್ಲೇ ಉಳಿದಿದ್ದ ಮಾತು ಈಗ ಗೆಜ್ಜೆಯವರೆಗೆ ಇಳಿಯಿತು. ಕೆರೆ ಏರಿಯ ಮೇಲೆ ಮಬ್ಬುಗತ್ತಲು, ಪಂಜಿನ ಎಣ್ಣೆಯ ವಾಸನೆ, ದೊಡ್ಡವರೆಲ್ಲ ಅಮ್ಮನ ಕಡೆ ಮುಖ ಮಾಡಿಕೊಂಡು ಬರುತ್ತಿದ್ದಾರೆ. ಎಲ್ಲರಿಗೂ ಅಮ್ಮ ಕಾಣುತ್ತಿದ್ದಾಳೆ, ಪುಟ್ಟ ಗಂಗಾಂಬಿಕೆಗೆ ಕಾಣುತ್ತಿರುವುದು ಬರಿಯ ದಾರಿ. ವಸ್ತ್ರದ ತುದಿ ಬೆವರಿನಿಂದ ಒದ್ದೆಯಾಗಿದೆ. ಬೆನ್ನಿಗೆ ಬಿಸಿ. ಪಂಜಿನ ಬಿಸಿಯೆಂದು ಅಂದುಕೊಂಡಿದ್ದಳಲ್ಲ, ಇಷ್ಟು ದಿನ ಅದನ್ನು ಮರೆತೇಹೋಗಿದ್ದಳಲ್ಲ, ಎರಡೂ ಹೆಗಲ ನಡುವೆ ದೊಡ್ಡ ಅಂಗೈಯೊಂದನ್ನು ಇಟ್ಟ ಹಾಗೆ ಅಮ್ಮ ಅವಳ ಬೆನ್ನನ್ನೇ ನೋಡಿಕೊಂಡು ಬರುತ್ತಿದ್ದಳು. ಯಾರೂ ಗದರಲಿಲ್ಲ. ಆ ಮಗು ಮುಂದೆ ನೋಡಿದ್ದರಿಂದಲೇ ಅಮ್ಮ ಗುಡಿ ಸೇರುತ್ತಿದ್ದಳು.

ಮುಂದಿನ ಸುತ್ತು ಬಂತು. ಕತ್ತು ತಣ್ಣಗಾಯಿತು, ಅದರ ಪಾಡಿಗೆ ಅದು ಆಯಿತು. ಅವಳು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಸುತ್ತನ್ನು ಪೂರ್ತಿ ಮಾಡಿದಳು. ದೀಪ ಬೆನ್ನಿಗೆ ಬಂತು. ಏನೂ ಆಗಲಿಲ್ಲ. ಎದುರಿಗೆ ಮೂಗುತಿ ಮಿನುಗಿತು. ಅವಳ ಕಣ್ಣು ಅಲ್ಲಿ ನಿಲ್ಲದೆ ಕುರ್ಚಿಗಳನ್ನು ದಾಟಿ ಬಾಗಿಲಿನ ಬೆಳಕಿಗೆ ಹೋಯಿತು. ಅಲ್ಲಿ ಅರ್ಧ ಹೆಗಲು ಇರಲಿಲ್ಲ. ತಾತ ಎದ್ದು ಹೊಸ್ತಿಲ ಮೇಲೆ ಬಂದು ನಿಂತಿದ್ದ, ಟವಲನ್ನು ನಡುವಿಗೆ ಬಿಗಿದುಕೊಂಡು. ಮುಖ ಕಾಣುತ್ತಿರಲಿಲ್ಲ, ಬೆಳಕು ಅವನ ಹಿಂದಿತ್ತು. ಅವಳು ಅವನ ಕಡೆಗೇ ಹೆಜ್ಜೆ ಹಾಕಿದಳು, ನೇರವಾಗಿ, ದಾರಿ ಇರುವವಳ ಹಾಗೆ. ಮೂರನೆಯ ನಡೆಯಲ್ಲಿ ಮತ್ತೆ ಒಮ್ಮೆ ಮೈ ವಾಲಿತು, ಅವಳು ತಿದ್ದಿಕೊಂಡಳು. ಇದು ಒಂದು ಬೆಳಿಗ್ಗೆಗೆ ಹೋಗುವ ರೋಗವಲ್ಲ, ದಿನವೂ ತಿದ್ದುತ್ತೇನೆ, ತಿದ್ದುವುದೇ ನನ್ನ ಕೆಲಸ ಎಂದು ಹಲ್ಲು ಕಚ್ಚದೆ, ಸಮಾಧಾನವಾಗಿ ಅಂದುಕೊಂಡಳು. ತಾಳ ಮುಗಿಯಿತು. ಕೈಮುಗಿದು ನಿಂತಳು.

ಎಲ್ಲರದೂ ಮುಗಿದ ಮೇಲೆ ಸರಸಮ್ಮ ಹುಡುಗಿಯರನ್ನು ವೇದಿಕೆಯ ಕೆಳಗೆ ನಿಲ್ಲಿಸಿಕೊಂಡರು. ಮೊದಲು ಹರ್ಷಿತಾಳ ಹೆಸರು ಹೇಳಿದರು. ಆಮೇಲೆ ಗಂಗಾಂಬಿಕೆಯ ಮುಂದೆ ಬಂದು ಅವಳ ಹೆಗಲನ್ನು ಎರಡು ಕೈಯಿಂದ ಹಿಡಿದು, ಸ್ವಲ್ಪ ಎಡಕ್ಕೆ ತಿರುಗಿಸಿ, ಮತ್ತೆ ನೇರ ಮಾಡಿದರು.

"ಮೊದಲು ಎಲ್ಲಿಗೋ ಹೋಗ್ತಾ ಇದ್ದೆ. ಆಮೇಲೆ ಬಂದೆ. ಎಲ್ಲಿಂದ ಬಂದೆ ಅಂತ ನಾನು ಕೇಳಲ್ಲ. ಕತ್ತು ಬಿಗಿ, ಕಣ್ಣು ಇನ್ನೂ ಅರ್ಧ. ನನ್ನ ಹತ್ತಿರ ಕೆಲಸ ಬಹಳ. ಅಳು ಬಂದರೂ ಅಭ್ಯಾಸ ಬಿಡೋ ಹಾಗಿಲ್ಲ. ಆಗುತ್ತಾ?"

"ಆಗುತ್ತಮ್ಮ."

"ಪರೀಕ್ಷೆ ಮುಗಿಸಿ ಬಾ ಹಾಗಾದ್ರೆ."

ತಟ್ಟೆಯಿಂದ ವೀಳ್ಯ ತೆಗೆದು ಅವಳ ಕೈಗಿತ್ತರು: ಎಲೆ, ಅಡಿಕೆ, ಬಾಳೆಹಣ್ಣು, ಮೇಲೆ ಒಂದು ತುಂಡು ಮಲ್ಲಿಗೆ. ನಾಗರತ್ನಮ್ಮ ಮೇಡಂ ಅವಳ ಬೆನ್ನು ಸವರಿದರು. ಗಂಗಾಂಬಿಕೆ ಮೇಡಂ ಕಾಲು ಮುಟ್ಟಿದಳು. ಆಮೇಲೆ, ಗೆಜ್ಜೆ ಬಿಚ್ಚದೆ, ಕುರ್ಚಿಗಳ ನಡುವಿನ ದಾರಿಯಲ್ಲಿ ಬಾಗಿಲ ಕಡೆ ನಡೆದಳು. ಒಂದೊಂದು ಹೆಜ್ಜೆಗೂ ಸದ್ದಾಗುತ್ತಿತ್ತು, ಎಲ್ಲರೂ ತಿರುಗಿ ನೋಡುತ್ತಿದ್ದರು, ತಿರುಗಲಿ ಎಂದೇ ಅವಳು ನಿಧಾನವಾಗಿ ನಡೆದಳು. ರುದ್ರಮುನಿ ಬಾಗಿಲಲ್ಲಿ ವೈರು ಸುತ್ತುತ್ತಿದ್ದ.

"ಇವರು ನಮ್ಮ ತಾತ," ಎಂದಳು ಅವನಿಗೆ. "ನಮ್ಮಪ್ಪನ ಅಪ್ಪ."

"ಅಲ್ಲಮ್ಮ, ಆಗ್ಲೇ ಹೇಳೋದಲ್ವಾ? ನಂಗೇನು ಗೊತ್ತು..." ರುದ್ರಮುನಿಯ ಮುಖ ಸಣ್ಣದಾಯಿತು.

"ನಿಮ್ಮ ತಪ್ಪಲ್ಲ ಅಣ್ಣ. ನಾನು ಹೇಳಲಿಲ್ಲ."

ಹಿಂದೆಯೇ ಬಂದಿದ್ದ ನಾಗರತ್ನಮ್ಮ ಮೇಡಂ ಕೈಮುಗಿದು, "ಮೃದಂಗದವರಲ್ವಾ ತಾವು?" ಎಂದರು.

"ಅಲ್ಲ ಮೇಡಂ," ಎಂದಳು ಗಂಗಾಂಬಿಕೆ. "ಉರುಮೆ. ಅಮ್ಮನ ಮುಂದೆ ಬಾರಿಸ್ತಾರೆ. ನಿಮಗೆ ಬಸ್ಸಿನಲ್ಲಿ ಎಲ್ಲ ಹೇಳ್ತೀನಿ, ತುಮಕೂರಿಗೆ ಹೋಗುವಾಗ."

"ಚೆಂದಾಗೈತೆ ಕಣವ್ವ," ಎಂದ ತಾತ, ಯಾರ ಮುಖವನ್ನೂ ನೋಡದೆ. "ಕಾಲು ಚೆಂದಾಗಿ ಬಿತ್ತು." ಆಮೇಲೆ ಅವಳ ಕೈಯಲ್ಲಿದ್ದ ವೀಳ್ಯವನ್ನು ಕಂಡ. ಅದು ಯಾರಿಗೆ ಸಲ್ಲಬೇಕೆಂದು ಅವಳು ನಿಂತ ರೀತಿಯಿಂದಲೇ ಅವನಿಗೆ ತಿಳಿಯಿತು. ಅವನು ನಡುವಿನ ಟವಲನ್ನು ಬಿಚ್ಚಿ, ಕೊಡವಿ, ಮೆಟ್ಟಿಲ ಮೇಲೆ ಹಾಸಿ, ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಊರಲ್ಲಿ ಅಮ್ಮ ಗುಡಿ ಸೇರಿದ ಮೇಲೆ ಉರುಮೆಯವನ ವೀಳ್ಯವನ್ನು ಹಾಗೆಯೇ ಜಗಲಿಯ ಮೇಲೆ, ಹಾಸಿದ ಬಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ಎಷ್ಟೋ ವರ್ಷ ಬಾರಿಸಿದ ಅವನಿಗೆ ಒಮ್ಮೆಯೂ ಯಾರೂ ಅದನ್ನು ಕೈಗೆ ಕೊಟ್ಟಿರಲಿಲ್ಲ, ಅವನೂ ಕೈ ಚಾಚಿರಲಿಲ್ಲ. ಗಂಗಾಂಬಿಕೆ ಬಾಗಿ ಟವಲನ್ನು ಎತ್ತಿ, ಮಡಚಿ, ತಾತನ ಹೆಗಲ ಮೇಲೆ ಹಾಕಿದಳು. ಕಾದು ನಿಂತಳು. ಕಟ್ಟಿದ್ದ ಕೈಗಳು ಬಿಚ್ಚಿಕೊಳ್ಳಲು ಹೊತ್ತು ಹಿಡಿಯಿತು. ಕೋಲು ಹಿಡಿದು ಜಡ್ಡುಗಟ್ಟಿದ ಎರಡು ಅಂಗೈಗಳು ಕೊನೆಗೆ ಒಂದರ ಪಕ್ಕ ಒಂದು ಬಂದು ನಿಂತಾಗ, ಅವಳು ವೀಳ್ಯವನ್ನು ಅವುಗಳೊಳಗೆ ಇಟ್ಟಳು.